ಮುಚ್ಚಳದ ಒಳಗಿನ ಗೀರು

ಭಾನುವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ

ಪ್ರೀತಿಯ ಗುಬ್ಬಿ,

‘ಮುಳ್ಳು ಮುಳ್ಳನ್ನು ದಾಟಿ ಹೋಗುತ್ತದೆ, ನೋಯಿಸದೆ.’ ನಾವಿಬ್ಬರೂ ಇದ್ದ ಹಾಸ್ಟೆಲಿನ ಗೋಡೆ ಪತ್ರಿಕೆಗೆ ನೀನು ಬರೆದ ಪದ್ಯದ ಸಾಲು. ಗಡಿಯಾರದ ದೊಡ್ಡ ಮುಳ್ಳು ಚಿಕ್ಕದರ ಮೇಲೆ ಹಾದುಹೋಗುವುದನ್ನು ಕುರಿತದ್ದು. ಅದು ‘ನೋಯಿಸದೆ’ಯೋ ‘ನೋಡದೆ’ಯೋ ಎಂದು ನಾಲ್ಕು ದಿನದಿಂದ ನನಗೆ ಅನುಮಾನ. ‘ನೋಯಿಸದೆ’ ಆದರೆ ಅದು ದಯೆ. ‘ನೋಡದೆ’ ಆದರೆ ಬೇರೆಯೇ ಮಾತು. ಬರೆದವಳು ನೀನು, ನೀನೇ ಹೇಳಬೇಕು.

ಕಾಗದ ತಡವಾಯಿತು, ಬೈಯಬೇಡ. ನೀನೆಲ್ಲಿ ಬೈಯದೆ ಬಿಡುತ್ತೀಯ? ನಾನು ನಿನ್ನ ಅಣ್ಣನ ಹೆಂಡತಿಯಾದ ಮೇಲೂ ‘ಅತ್ತಿಗೆ’ ಎನ್ನುತ್ತಲೇ ಏಕವಚನದಲ್ಲಿ ದಬಾಯಿಸುವವಳು ನೀನು. ನಿನ್ನ ಅಮ್ಮ ಹೋಗಿ ಒಂದೂವರೆ ತಿಂಗಳಾಯಿತು. ಮಂಚವನ್ನು ಇನ್ನೂ ಸರಿಸಿಲ್ಲ. ಲೈಬ್ರರಿಗೆ ಹೊರಡುವಾಗ ಈಗಲೂ ಅವರ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಹಾಸಿಗೆ ಹಿಡಿದ ಐದು ವರ್ಷವೂ ಅವರು ದಿನಾ ತಪ್ಪದೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಎಷ್ಟು ಹೊತ್ತಿಗೆ ಬರ್ತೀಯಮ್ಮ?” ಐದೂಕಾಲಿಗೆ ಅನ್ನುತ್ತಿದ್ದೆ. “ಐದೂಕಾಲು” ಎಂದು ಅವರೂ ಒಮ್ಮೆ ಹೇಳಿಕೊಳ್ಳುತ್ತಿದ್ದರು. ನಾನು ಬರುವ ಹೊತ್ತಿಗಾಗಿ ಕಾಯುವವರು ಜಗತ್ತಿನಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ಮೆಟ್ಟಿಲಿಳಿಯುತ್ತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅವರ ಪೆಟ್ಟಿಗೆಯನ್ನು ನಾನು ಬಂದ ಮೇಲೆ ತೆಗೆಯೋಣ, ಅಲ್ಲಿಯವರೆಗೆ ಮುಟ್ಟಬೇಡ ಎಂದು ನೀನು ಹೇಳಿದ್ದೆ. ಇರುವೆ ಹತ್ತಿತ್ತು, ತೆಗೆಯಬೇಕಾಯಿತು. ಹಳೆಯ ಸೀರೆಗಳು, ನಿನ್ನ ಶಾಲೆಯ ಅಂಕಪಟ್ಟಿ, ಅಡಿಯಲ್ಲಿ ಒಂದು ಕರವಸ್ತ್ರದ ಗಂಟು. ಬಿಚ್ಚಿದರೆ ನಿನ್ನ ಅಣ್ಣನ ವಾಚು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸೇತುವೆಯ ಪಕ್ಕ ಅವರ ಚಪ್ಪಲಿ ಸಿಕ್ಕಿ ಅವರು ಸಿಗದೆಹೋದ ದಿನ, ಹನ್ನೊಂದು ವರ್ಷದ ಹಿಂದೆ, ಪೊಲೀಸರಿಗೆ ಗುರುತು ಬರೆಸಿದವಳು ನಾನೇ. ಎಡಗೈಯಲ್ಲಿ ಸ್ಟೀಲ್ ಪಟ್ಟಿಯ ವಾಚು, ಗಾಜಿನ ಮೇಲೆ ನಾಲ್ಕರ ಹತ್ತಿರ ಉಗುರಿನಷ್ಟು ಗಾಯ. ಅದೇ ಗಾಯ, ಅದೇ ವಾಚು. ಹೊರಡುವ ಮೊದಲು ತಾಯಿಯ ಕೈಗೆ ಕೊಟ್ಟು ಹೋಗಿರಬೇಕು ಅಂದುಕೊಂಡೆ. ಹಾಗಾದರೆ ಕಾಲು ಜಾರಿದ್ದಲ್ಲ, ಮನಸ್ಸು ಮಾಡಿಯೇ ಹೋದದ್ದು. ನನಗೆ ಅದು ತಿಳಿಯಬಾರದೆಂದು ಆ ಮುದುಕಿ ಇಷ್ಟು ವರ್ಷ ಬಚ್ಚಿಟ್ಟು ಒಬ್ಬರೇ ಹೊತ್ತರಲ್ಲ ಎಂದು ಅಮ್ಮನಿಗಾಗಿ ಅತ್ತೆ. ನಿನ್ನ ಅಣ್ಣನ ಫೋಟೊವನ್ನು ಗೋಡೆಗೆ ಹಾಕಲು ಅಮ್ಮ ಕೊನೆಯವರೆಗೂ ಬಿಡಲಿಲ್ಲವಲ್ಲ, ಅದೂ ಅರ್ಥವಾಯಿತು ಅನ್ನಿಸಿತು.

ರಿಪೇರಿ ಮಾಡಿಸಿ ನಿನಗೆ ಕಳಿಸೋಣವೆಂದು ಬಸ್ ನಿಲ್ದಾಣದ ಎದುರಿನ ಗೂಡಂಗಡಿಗೆ ಒಯ್ದೆ. ಅಲ್ಲಿಯ ವಾಚಿನವರನ್ನು ನಿನ್ನ ಅಣ್ಣ ‘ಭೂತಗನ್ನಡಿ’ ಅನ್ನುತ್ತಿದ್ದರು, ನೆನಪಿದೆಯಾ? ಇನ್ನೂ ಒಂದು ಕಣ್ಣಿಗೆ ಅದೇ ಕನ್ನಡಿ ಸಿಕ್ಕಿಸಿಕೊಂಡು ಕೂತಿದ್ದಾರೆ. ಇಂಥ ಅಗ್ಗದ ವಾಚನ್ನು ಈಗ ಯಾರೂ ರಿಪೇರಿ ಮಾಡಿಸುವುದಿಲ್ಲ, ಬಿಸಾಕಿ ಹೊಸದು ಕೊಳ್ಳುತ್ತಾರೆ ಅಂದರು. ನಾನು ಎದ್ದು ಹೋಗದೆ ಇದ್ದುದನ್ನು ನೋಡಿ, ಹೊರಗಿನದನ್ನು ನೀವೇ ತೊಳೆದುಕೊಂಡು ಬನ್ನಿ, ಒಳಗಿನದು ನಾನು ನೋಡುತ್ತೇನೆ ಎಂದು ಪಟ್ಟಿಯನ್ನು ಬಿಚ್ಚಿ ಎರಡನ್ನೂ ಕೊಟ್ಟರು.

ಹೇಳಿದಂತೆಯೇ ಮಾಡಿದೆ. ಪಟ್ಟಿಗೆ ಮಾತ್ರ ಸಾಬೂನು ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು. ವಾಚಿಗೆ ನೀರು ಸೋಕಿಸಬಾರದು. ಕೀಲಿ ಕೊಡುವ ತಿರುಪನ್ನು ಒಳಕ್ಕೆ ಒತ್ತಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆ. ಪ್ಲಾಸ್ಟಿಕ್ ಗಾಜಿನ ಮೇಲೆ ಸಾಸಿವೆಯಷ್ಟು ಟೂತ್‌ಪೇಸ್ಟ್ ಇಟ್ಟು ಬೆರಳ ತುದಿಯ ಬಟ್ಟೆಯಿಂದ ಸುತ್ತ ಸುತ್ತ ತಿಕ್ಕಿದರೆ ಮಂಜು ಸರಿದಂತೆ ಅಂಕಿಗಳು ಮೇಲೆ ಬಂದವು. ನಾಲ್ಕರ ಹತ್ತಿರದ ಗಾಯ ಮಾಸತೊಡಗಿದಾಗ ಕೈ ನಿಲ್ಲಿಸಿದೆ. ಪಟ್ಟಿಯ ಸಂದುಗಳಿಂದ ಕರ್ರಗೆ ಕೊಳೆ ಬಂತು. ಅವರ ಬೆವರು, ಅವರ ಚರ್ಮ, ಹನ್ನೊಂದು ವರ್ಷದ್ದು. ಬಟ್ಟಲಿನ ಆ ನೀರನ್ನು ಚೆಲ್ಲಲು ಮನಸ್ಸು ಬಾರದೆ ಸಂಜೆಯವರೆಗೆ ಇಟ್ಟುಕೊಂಡಿದ್ದೆ. ನಗು ಬೇಕಾದರೆ.

ಮರುದಿನ ಹಿಂಬದಿಯ ಮುಚ್ಚಳ ತೆಗೆಯುವಾಗ ನಾನು ಎದುರಿಗೇ ಕೂತಿದ್ದೆ. ಅಲಗು ಜಾರಿ ಗೀರಬಾರದೆಂದು ಅಂಚಿಗೆ ಟೇಪು ಸುತ್ತಿ, ಸಂದು ಹುಡುಕಿ, ಮೆಲ್ಲಗೆ ಎಬ್ಬಿಸಿದರು. ಒಳಗೆ ಒಂದು ಎಳೆ ನೂಲು ಕಂಡಿತು. ನಾನು ಬಗ್ಗಿ ಊದಲು ಹೋದೆ. ಕೈ ಅಡ್ಡ ಹಿಡಿದರು.

“ಊದ್ಬೇಡಿ ಮೇಡಂ. ಉಸಿರಲ್ಲಿ ನೀರಿರುತ್ತೆ, ತುಕ್ಕು ಹಿಡಿಯುತ್ತೆ. ವಾಚು ಅಗ್ಗದ್ದಾದ್ರೆ ಏನು, ಕೈ ಅಗ್ಗ ಆಗ್ಬಾರ್ದು.”

ರಬ್ಬರಿನ ಗಾಳಿಬುರುಡೆ ಕೊಟ್ಟರು. ಅದನ್ನು ಒತ್ತಿ ನೂಲು ಹಾರಿಸಿದೆ. ಆಮೇಲೆ ಮುಚ್ಚಳದ ಒಳಮೈ ತೋರಿಸಿದರು. ವಾಚು ಬಿಚ್ಚಿದವರು ಅಲ್ಲಿ ಸೂಜಿಯಿಂದ ತಮ್ಮ ಗುರುತನ್ನೂ ತಿಂಗಳು, ವರ್ಷವನ್ನೂ ಗೀರಿಡುತ್ತಾರಂತೆ. ಭೂತಗನ್ನಡಿಯವರದೇ ಎರಡು ಗೀರು ಇದ್ದವು. ಒಂದು ನಮ್ಮ ಮದುವೆಯ ವರ್ಷದ್ದು, ಇನ್ನೊಂದು ನಿನ್ನ ಅಣ್ಣ ಹೋಗುವ ಹಿಂದಿನ ವರ್ಷದ್ದು.

ಈಗ ವಾಚು ಸರಿಯಾಗಿ ಓಡುತ್ತಿದೆ. ಎಲ್ಲೂ ಒಂದು ಚೂರೂ ಪೆಟ್ಟಾಗಿಲ್ಲ.

ಮಕ್ಕಳ ಪರೀಕ್ಷೆ ಹೇಗಾಯಿತು ಬರಿ. ಚಿಕ್ಕವನ ಕೆಮ್ಮನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಇಬ್ಬರಿಗೂ ಅತ್ತೆಯ ಆಶೀರ್ವಾದ. ನಿನಗೂ, ಯಾವತ್ತಿನ ಹಾಗೆ.

ನಿನ್ನ
ಅತ್ತಿಗೆ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಎರಡು ಗೀರು ಎಂದು ಬರೆದೆ. ಮೂರಿದ್ದವು. ಮೂರನೆಯದನ್ನು ಭೂತಗನ್ನಡಿಯವರು ಬೆಳಕಿಗೆ ತಿರುಗಿಸಿ ಓದಿದರು: “ಇದು ನಂದಲ್ಲ. ಬೇರೆ ಊರಿನವನ ಕೈ. ನಾಲ್ಕು ವರ್ಷ ಆಯ್ತು ನೋಡಿ. ಅಚ್ಚುಕಟ್ಟಾಗಿ ಮಾಡಿದ್ದಾನೆ.” ಹೌದಾ ಅಂದೆ. ಅದು ನನಗೆ ಏನು ಹೇಳಿತೆಂದು ಅವರಿಗೆ ಗೊತ್ತಾಗಲಿಲ್ಲ.

ನಿನ್ನ ಅಣ್ಣನನ್ನು ಕಚೇರಿಯವರು ಏಳು ವರ್ಷ ಕಾದು ಸತ್ತವರ ಪಟ್ಟಿಗೆ ಸೇರಿಸಿದ ವರ್ಷವೇ ಅದು, ಗುಬ್ಬಿ. ಆ ವರ್ಷ ಅವರು ಯಾವುದೋ ಊರಿನಲ್ಲಿ ವಾಚು ನಿಂತುಹೋಯಿತೆಂದು ಅಂಗಡಿ ಹುಡುಕಿದ್ದಾರೆ. ನಾನು ಬಟ್ಟಲಲ್ಲಿ ಇಟ್ಟುಕೊಂಡ ಕೊಳೆ ಹನ್ನೊಂದು ವರ್ಷದ್ದಲ್ಲ.

ನಿನಗೂ ಗೊತ್ತಿತ್ತಾ ಎಂದು ಕೇಳಬೇಕೆಂದಿದ್ದೆ. ನೀನು ಬಂದಾಗಲೆಲ್ಲ “ನಾನಿದ್ದೀನಲ್ಲ, ನೀನು ಹೋಗಿ ಬಾ ಅತ್ತಿಗೆ” ಎಂದು ನನ್ನನ್ನು ಕೆಲಸಕ್ಕೆ ಅಟ್ಟುತ್ತಿದ್ದದ್ದು ಪ್ರೀತಿಯಿಂದಲೇ ತಾನೇ ಎಂದು ಕೇಳಬೇಕೆಂದಿದ್ದೆ. ಇಷ್ಟು ಬರೆಯುವಾಗ ಕೆಳಗಿನ ಮನೆಯ ಟೈಲರಮ್ಮ ಬಂದರು, ಹಗಲು ಅಮ್ಮನನ್ನು ನೋಡಿಕೊಳ್ಳಲು ಕೊಟ್ಟಿದ್ದ ಕೀಲಿಕೈ ಹಿಂದಿರುಗಿಸಲು. ಅವರು ಈ ಮನೆಗೆ ಬಂದದ್ದು ಆರು ವರ್ಷದ ಹಿಂದೆ. ನಿನ್ನ ಅಣ್ಣನನ್ನು ಕಂಡವರಲ್ಲ, ನಾನೂ ನನ್ನ ಕಥೆ ಹೇಳಿಕೊಂಡವಳಲ್ಲ. ಬಾಗಿಲಲ್ಲೇ ನಿಂತು, ಮೇಜಿನ ಮೇಲಿದ್ದ ವಾಚನ್ನು ನೋಡಿ ಅಂದರು:

“ಅರೆ, ಇದು ನಿಮ್ಮ ನಾದಿನಿ ಜೊತೆ ಬರ್ತಿದ್ರಲ್ಲ, ಅವರ ಅಣ್ಣ, ಅವರ ವಾಚಲ್ವಾ? ಹೋದ ವರ್ಷ ಬಂದಾಗ ಅಜ್ಜಿ ಬಿಚ್ಚಿಸಿ ಇಟ್ಕೊಂಡ್ರು, ಕೈಲಿ ಹಿಡ್ಕೊಂಡು ಮಲಗ್ತೀನಿ ಅಂತ. ಮೆಟ್ಟಿಲಿಳಿಯೋವಾಗ ಪಾಪ, ಅಭ್ಯಾಸಬಲ, ಬರೀ ಕೈ ನೋಡ್ಕೊಂಡು ಆಮೇಲೆ ನನ್ನನ್ನ ಟೈಮ್ ಕೇಳಿದ್ರು. ಐದಾಯ್ತು ಅಂದೆ. ‘ಅವಳು ಬರೋ ಹೊತ್ತಾಯ್ತು, ನಡಿ ಗುಬ್ಬಿ’ ಅಂದ್ಕೊಂಡು ಹಿಂದಿನ ಗೇಟಿಂದ ಹೋದ್ರು.”