ಕೆಳಗಿನ ಅಂತಸ್ತಿನ ನಾಲ್ಕು ನಿಮಿಷ

ಕೊಲ್ಲೂರು ಗುಡ್ಡದ ನೆಲೆ
ಇಸವಿ 2219, ಹದಿಮೂರನೇ ತಿಂಗಳು, ನಾಲ್ಕನೇ ದಿನ

ಗಾಡಿ ಕಾಳಗದ ಆಟಕ್ಕೆ ಮೂರು ಅಂತಸ್ತಿನ ನೀರಿನ ಕಣ ಕಟ್ಟಲು ಕೂತಿರುವ, ನನಗಿಂತ ಇನ್ನೂರು ವರ್ಷ ಹಿರಿಯರಾದ ನನ್ನ ಕಸುಬಿನವರಿಗೆ ಕುಸುಮಾಕ್ಷಿ ಖಾರ್ವಿಯ ನಮಸ್ಕಾರಗಳು.

ಈ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಮಳೆಗಾಲ ಉದ್ದವಾದ ಮೇಲೆ ನಾವು ವರ್ಷವನ್ನು ಹದಿಮೂರು ಪಾಲು ಮಾಡಿಕೊಂಡಿದ್ದೇವೆ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡ ಓದಲು ನಾವೂ ತಿಣುಕುತ್ತೇವೆ.

ನಮ್ಮಲ್ಲಿ ಕಣ್ಪಟ್ಟಿ ಎಂಬುದಿದೆ. ಕಣ್ಣಿಗೆ ಆ ಬಟ್ಟೆ ಕಟ್ಟಿಕೊಂಡರೆ, ಮನೆಯಲ್ಲಿ ಕೂತಲ್ಲೇ, ನಾವು ಬರೆದ ಆಟದ ಕಣದೊಳಗೆ ಇರುತ್ತೀರಿ. ನೆಲದ ಮೇಲೆ ಓಡಿ, ನೀರಿನ ಮೇಲೆ ತೇಲಿ, ಒಂದನ್ನೊಂದು ಗುದ್ದಿ ಒಡೆಯುವ ಕಾದುಗಾಡಿಗಳ ಆಟ ಎಲ್ಲರ ಹುಚ್ಚು. ಅದಕ್ಕೊಂದು ನೀರಿನ ಕಣ ಬೇಕೆಂದು ಆಟದ ಮಾಲೀಕರು ಕೇಳಿದಾಗ ನಾನು ಕಡಲಿನಲ್ಲಿ ಮುಳುಗಿದ ಗಂಗೊಳ್ಳಿಯ ಬಂದರು ಬೀದಿಯನ್ನು ಆರಿಸಿಕೊಂಡೆ. ಮೇಲೆ ತಾರಸಿಗಳು, ನಡುವೆ ಅರ್ಧ ಮುಳುಗಿದ ಮಾಳಿಗೆಗಳು, ಕೆಳಗೆ ಬೀದಿ. ಅರ್ಧ ಗಂಟೆಗೊಮ್ಮೆ ನೀರು ಇಳಿದು ನಾಲ್ಕು ನಿಮಿಷ ಬೀದಿ ಕಾಣುತ್ತದೆ, ಅಲ್ಲಿ ಕಾಳಗ ಜೋರು. ಕಣ ಚೆನ್ನಾಗಿ ಬಂದಿದೆ ಎಂದು ನಾನು ಬೀಗುತ್ತಿದ್ದೆ.

ನನ್ನ ಅಜ್ಜಿ ಶೇಷಮ್ಮ ಒಂಬತ್ತು ವರ್ಷದವಳಿದ್ದಾಗ ಕೊನೆಯ ದೋಣಿಯಲ್ಲಿ ಗಂಗೊಳ್ಳಿ ಬಿಟ್ಟವಳು. ಈಗ ಎಂಬತ್ತೊಂದು. ಅವಳೂ ಹಟ ಹಿಡಿದು ಕಾದುಗಾಡಿ ಕಲಿತಳು. ನೀರು ಇಳಿದ ಕೂಡಲೇ ಬೀದಿಗೆ ಧುಮುಕಿ, ಅವಳ ಮನೆಯದೆಂದು ನಾನು ತಿಳಿದಿದ್ದ ಒಂದು ಬಾಗಿಲ ಮುಂದೆ ಗಾಡಿ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದಳು. ಹುಡುಗರು ಬಂದು ಗುದ್ದಿ ಪುಡಿ ಮಾಡುತ್ತಿದ್ದರು. ಮತ್ತೆ ಬರುತ್ತಿದ್ದಳು. ಅವಳನ್ನು ನೋಡಿ ನೆಲೆಯ ಇತರ ಮುದುಕ ಮುದುಕಿಯರೂ ಬಂದರು. ಒಂದು ದಿನ ಎಣಿಸಿದೆ, ಕಾದಾಡದ ಗಾಡಿಗಳು ನಲವತ್ತೊಂದು ನಿಂತಿದ್ದವು. ಆಟ ಕೆಡುತ್ತಿದೆ ಎಂದು ದೂರು ಹೋಯಿತು. ಕೆಳಗಿನ ಅಂತಸ್ತಿಗೆ ಶಾಶ್ವತವಾಗಿ ನೀರು ತುಂಬಿಸು ಎಂದು ನನಗೆ ಆಜ್ಞೆ ಬಂತು, ಒಂದು ವಾರದ ಗಡುವು.

ಅಜ್ಜಿಗಾಗಿ ಆ ಬಾಗಿಲಿನ ಒಂದು ನಕಲನ್ನಾದರೂ ತೆಗೆದಿಡೋಣವೆಂದು ನಕ್ಷೆ ಬಿಚ್ಚಿದೆ. ಎರಡು ತಂಡಗಳಿಗೂ ಸಮ ಆಗಲೆಂದು ನಾವು ಅರ್ಧ ಕಣ ಬರೆದು ಉಳಿದರ್ಧಕ್ಕೆ ಅದನ್ನೇ ಮಗುಚಿ ಹಾಕುತ್ತೇವೆ. ನೀವೂ ಹಾಗೇ ಮಾಡುತ್ತಿರಬಹುದು. ಹಳೆಯ ಚಿತ್ರಗಳು ಸಿಕ್ಕಿದ್ದು ಬಲಗಡೆ ಸಾಲಿಗೆ ಮಾತ್ರ. ಅಜ್ಜಿಯ ಮನೆ ಎಡಗಡೆಯದು. ಆರು ತಿಂಗಳಿಂದ ಅವಳು ಎದುರು ಮನೆಯವರ ಬಾಗಿಲನ್ನು ಮಗುಚಿ ಹಾಕಿದ ನಕಲಿನ ಮುಂದೆ ಕೂತು ಪೆಟ್ಟು ತಿನ್ನುತ್ತಿದ್ದಳು.

ಅಜ್ಜಿಯ ಮುಂದೆ ಅಳುತ್ತಾ ತಪ್ಪೊಪ್ಪಿಕೊಂಡೆ. ಅವಳು ನನ್ನ ತಲೆ ಸವರಿ ಹೇಳಿದಳು: "ಅದ್ ನಮ್ಮನಿ ಬಾಗ್ಲಲ್ಲ ಅಂದೇಳಿ ಮೊದಲ್ನೇ ದಿನವೇ ಗೊತ್ತಾಯ್ತ್ ಮಗಾ. ನೀರ್ ಇಳಿತ್ತಲ್ದಾ, ಅದನ್ನ್ ಕಾಂಬುಕೆ ಬತ್ತೆ."

ಎಪ್ಪತ್ತೆರಡು ವರ್ಷಗಳಿಂದ ಅವಳು ನೀರು ಏರುವುದನ್ನಷ್ಟೇ ಕಂಡವಳು. ಅದು ಇಳಿಯುವ ಒಂದೇ ಜಾಗ ನನ್ನ ಕಣವಾಗಿತ್ತು. ಕೆಲಸ ಹೋದರೆ ನೆಲೆಯಲ್ಲಿ ನಮಗೆ ಜಾಗವಿಲ್ಲ. ಏಳನೆಯ ದಿನ ನೀರು ತುಂಬಿಸಿದೆ.

ಉಳಿದವರು ಬರುವುದನ್ನು ಬಿಟ್ಟರು. ಅಜ್ಜಿ ಈಗಲೂ ಮಧ್ಯಾಹ್ನ ಕಣ್ಪಟ್ಟಿ ಕಟ್ಟಿಕೊಂಡು ತಾರಸಿಯ ಅಂಚಿಗೆ ಗಾಡಿ ತಂದು ನೀರು ಇಳಿಯಲೆಂದು ಕಾಯುತ್ತಾಳೆ. ಏನೋ ಕೆಟ್ಟಿದೆ, ರಿಪೇರಿ ಆಗುತ್ತಿದೆ ಎಂದು ಹೇಳಿದ್ದೇನೆ. ನಂಬಿದ್ದಾಳೆ. ನನಗೆ ಅವಳ ಮುಖ ನೋಡಲಾಗುತ್ತಿಲ್ಲ.

ನಿಮ್ಮಲ್ಲಿ ಒಂದೇ ಬಿನ್ನಹ. ನಿಮ್ಮ ಕಣದ ಕೆಳಗಿನ ಅಂತಸ್ತಿನಲ್ಲಿ ಯಾರಾದರೂ ಆಡದೆ ನಿಂತಿದ್ದರೆ, ನೀರು ಬಿಡುವ ಮೊದಲು ಅವರೇನು ನೋಡುತ್ತಿದ್ದಾರೆಂದು ಕೇಳಿ. ನಾನು ನೀರು ಬಿಡುವಾಗ ಅಜ್ಜಿ ತನ್ನ ಗಾಡಿಯಲ್ಲಿ ಕೆಳಗೇ, ಆ ಬೀದಿಯಲ್ಲೇ ಇದ್ದಳು.