ಟಿಕ್ ಎಂದ ಸ್ಪ್ಯಾನರು

ಪೊಜೆಗಾ,
2 ಡಿಸೆಂಬರ್ 2004

ಮುದ್ದಿನ ಮೊಮ್ಮಗಳು ಸ್ಟಾನಾಗೆ,

ಹೇಗಿದ್ದೀಯ ಪುಟ್ಟಿ? ನೋವಿಸಾದ್ ಪಟ್ಟಣದ ಚಳಿಗೆ ನಿನ್ನ ಕೆಮ್ಮು ಮರುಕಳಿಸಿಲ್ಲ ತಾನೇ? ಬೇಕರಿಯಲ್ಲಿ ಒಲೆಯ ಮುಂದೆ ಬೆವರಿ ಹಾಗೇ ಹೊರಗೆ ಓಡಬೇಡ ಎಂದು ಹೇಳಲು ಅಜ್ಜಿ ಮೂರು ಸಲ ನೆನಪಿಸಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಎಲೆಕೋಸನ್ನೆಲ್ಲ ಪೀಪಾಯಿಯಲ್ಲಿ ಹುಳಿಗೆ ಹಾಕಿ, ಮೇಲೆ ಕಲ್ಲು ಹೇರಲು ನನ್ನನ್ನೇ ಎಳೆದಳು. ಎಪ್ಪತ್ತೊಂದರ ವಯಸ್ಸಿನಲ್ಲೂ ಕಲ್ಲು ಎತ್ತುತ್ತೇನೆ, ಅಷ್ಟರಮಟ್ಟಿಗೆ ಕ್ಷೇಮ.

ಗ್ಯಾರೇಜಿನ ಸುದ್ದಿ ಅಷ್ಟು ಚೆನ್ನಾಗಿಲ್ಲ. ಹೋದ ತಿಂಗಳು ಪಾದ್ರಿ ಸಾವಾ ಅವರ ಕಾರಿಗೆ ಇಂಜಿನ್ ಬೆಲ್ಟು ಬದಲಿಸಿದೆ. ಸರಿಯಾದ ಸ್ಪ್ಯಾನರ್ ಆರಿಸಿದರೆ ಅರ್ಧ ಕೆಲಸ ಮುಗಿದಂತೆ ಎಂದು ನಿನಗೆ ಹೇಳಿ ಹೇಳಿ ತಲೆ ತಿಂದವನು ನಾನೇ ಅಲ್ಲವೇ? ಹಾಗೇ ಆರಿಸಿದೆ. ಬಿಡಿಸಲು ಹದಿಮೂರರ ರಿಂಗ್ ಸ್ಪ್ಯಾನರು. ಕೊನೆಗೆ ಬೆಲ್ಟನ್ನು ಬಿಗಿಹಿಡಿಯುವ ರಾಟೆಯ ನಟ್ಟಿಗೆ, ಗೋಡೆಯ ಮೇಲಿನ ಆ ಉದ್ದನೆಯ ಸ್ಪ್ಯಾನರು, ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹಿಡಿಯ ಮೇಲಿನ ಅಂಕಿ ತಿರುಗಿಸಿಟ್ಟರೆ, ನಟ್ಟು ಅಷ್ಟು ಬಿಗಿಯಾದಾಗ ಟಿಕ್ ಎನ್ನುವಂಥದ್ದು. ಟಿಕ್ ಎಂದಿತು, ನಿಲ್ಲಿಸಿದೆ. ನಾಲ್ಕನೇ ದಿನ ಪಾದ್ರಿ ವಾಪಸು ಬಂದರು, ಇಂಜಿನ್ ಕಿರುಗುಟ್ಟುತ್ತಿತ್ತು. ಮುಚ್ಚಳ ತೆಗೆದು ಮುಟ್ಟಿದರೆ ನಟ್ಟು ಬೆರಳಿಗೇ ತಿರುಗಿತು ಮಗಳೇ. ಆ ಕಾರನ್ನು ನಾನಲ್ಲದೆ ಬೇರೆ ಯಾರೂ ಮುಟ್ಟಿರಲಿಲ್ಲ.

ನಿನಗೂ ನೆನಪಾಗಿರುತ್ತದೆ. ಎರಡು ವರ್ಷದ ಹಿಂದೆ ನಮ್ಮ ಕುಟುಂಬದ ಧರ್ಮಪಿತ ಮಿಲುಟಿನ್‌ನ ಕಾರಿನಲ್ಲೂ ಇದೇ ನಟ್ಟು, ಇದೇ ಸಡಿಲ. ಅಂದು ಬೆಲ್ಟು ಕೂರಿಸಿದವಳು ನೀನು. ಗುಡ್ಡದ ಏರಿನಲ್ಲಿ ಬೆಲ್ಟು ಜಾರಿ ಅವನ ಇಂಜಿನ್ ಹಾಳಾಯಿತು. “ಹುಡುಗಿ ಕೈಗೆ ಇಂಜಿನ್ ಕೊಡೋದುಂಟೇನಯ್ಯಾ ವುಕಾಷಿನ್?” ಎಂದು ಅವನು ಕೂಗಾಡಿದ. ನೀನು, “ತಾತ, ಟಿಕ್ ಅನ್ನೋವರೆಗೂ ತಿರುಗಿಸಿದೀನಿ, ಆ ಸ್ಪ್ಯಾನರನ್ನೇ ಒಂದ್ಸಲ ನೋಡು” ಎಂದೆ. ನಾನು ನೋಡಲಿಲ್ಲ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಕೈ ಹಿಟ್ಟು ಕಲಸೋಕೇ ಲಾಯಕ್ಕು!” ಎಂದೆ, ಅಂಗಳದ ತುಂಬ ಜನರ ಮುಂದೆ. ನೀನು ಕೈ ಒರೆಸಿಕೊಂಡು ಹೊರಟುಹೋದೆ. ಈಗ ನಿಜಕ್ಕೂ ಹಿಟ್ಟು ಕಲಸುತ್ತಿದ್ದೀಯ. ಬೆಳಿಗ್ಗೆ ಬ್ರೆಡ್ ಮುರಿಯುವಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಆ ಸ್ಪ್ಯಾನರನ್ನು ಹೆದ್ದಾರಿ ಪಕ್ಕದ ಟಿಹೋಮಿರ್‌ನ ಗ್ಯಾರೇಜಿಗೆ ಒಯ್ದು ಅವನ ಹೊಸದರ ಜೊತೆ ಪರೀಕ್ಷಿಸಿದೆ. ನಲವತ್ತನಾಲ್ಕಕ್ಕೆ ಇಟ್ಟರೆ ಇಪ್ಪತ್ತಾರಕ್ಕೇ ಟಿಕ್ ಎನ್ನುತ್ತದೆ. “ಅಣ್ಣ, ಕೆಲಸ ಆದ್ಮೇಲೆ ಅಂಕಿ ಕೆಳಗಿಳಿಸದೆ ಹಂಗೇ ನೇತುಹಾಕ್ತಿದ್ರಾ? ಒಳಗಿನ ಸ್ಪ್ರಿಂಗ್ ಸತ್ತೋಗಿದೆ” ಎಂದ. ಹಗಲೆಲ್ಲ ದುಡಿದ ಕುದುರೆಯ ಜೀನು ಬಿಚ್ಚದೆ ಲಾಯದಲ್ಲಿ ಕಟ್ಟಿದಂತೆ, ಇಪ್ಪತ್ತು ವರ್ಷ ಅದನ್ನು ಹಾಗೇ ನೇತುಹಾಕಿದ್ದೇನೆ. ನೀನು ಇಳಿಸಿಟ್ಟಾಗಲೆಲ್ಲ, ನನ್ನ ಅಂಕಿ ಕೆಡಿಸಿದೆ ಎಂದು ಬೈಯುತ್ತಿದ್ದೆ.

ಪಾದ್ರಿಯ ಕಾರನ್ನು ಸರಿಮಾಡಿಕೊಟ್ಟೆ, ಅವರ ಇಂಜಿನ್ ಉಳಿಯಿತು. ಅಜ್ಜಿ ಉಣ್ಣೆಯ ಕಾಲುಚೀಲ ಹೆಣೆದಿದ್ದಾಳೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಕೈಗಳಿಗೆ ಏನೂ ಆಗದಿರಲಿ.

ನಿನ್ನ ತಾತ,
ವುಕಾಷಿನ್

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಆ ದಿನ ನೆಲವೇ ಡೊಂಕಾಗಿತ್ತು ಸ್ಟಾನಾ, ಡೊಂಕು ಮಾಡಿದವನು ನಾನು. ಹತ್ತೊಂಬತ್ತಕ್ಕೆ ಸಂತ ನಿಕೋಲನ ದಿನ, ನಮ್ಮ ಮನೆತನದ ಸಂತನ ಸ್ಲಾವಾ ಹಬ್ಬ. ಮಿಲುಟಿನ್ ಬರುತ್ತಾನೆ, ಪಾದ್ರಿ ಬರುತ್ತಾರೆ, ಅವತ್ತು ಅಂಗಳದಲ್ಲಿದ್ದವರೆಲ್ಲ ಬರುತ್ತಾರೆ. ಅವರ ಮುಂದೆ ನಾನು ಎದ್ದು ನಿಂತು ಈ ಮಾತು ಹೇಳಬೇಕು. ಸ್ಲಾವಾಗೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ನೆನಪಿದ್ದವರು ತಾವೇ ಬರುತ್ತಾರೆ. ನನ್ನಪ್ಪ ಯಾರನ್ನೂ ಕರೆಯಲಿಲ್ಲ, ನಾನೂ ಇದುವರೆಗೆ ಕರೆದವನಲ್ಲ. ನಿನ್ನನ್ನು ಕರೆಯುತ್ತಿದ್ದೇನೆ. ಬಾ.