ಒಡೆಯದ ಬಾಗಿಲು

ಫೆಬ್ರವರಿ 9, ಬೆಳಿಗ್ಗೆ

ಉಳಿ ಮಸೆಯುವುದರಲ್ಲೇ ಒಂದು ಗಂಟೆ ಹೋಯಿತು. ಎದುರಿನ ಬೇಕರಿಗೆ ನಿನ್ನೆ ಕೂರಿಸಿದ ಬಾಗಿಲಿದೆಯಲ್ಲ, ಅಂಥದ್ದು ಈ ಊರಲ್ಲಿ ಇನ್ನೊಂದಿದ್ದರೆ ಮೀಸೆ ಬೋಳಿಸುತ್ತೇನೆ. ತೇಗ. ಒಂದೂವರೆ ಇಂಚು ದಪ್ಪ. ಒಳಗೆ ಮೂರು ಚಿಲಕ. ಒಳಕ್ಕೆ ತೆರೆದರೆ ಬ್ರೆಡ್ಡಿನ ತಟ್ಟೆಗಳಿಗೆ ತಗಲುತ್ತದೆಂದು ಬೀದಿಯ ಕಡೆಗೆ ತೆರೆಯುವಂತೆ ಮಾಡಿದೆ — ಬುದ್ಧಿ ಎಂದರೆ ಅದು.

ಬೇಕರಿಯವನಿಗೆ ಈಚೆಗೆ ಭಯ. ನಮ್ಮ ಬೀದಿಯಲ್ಲಿ ಅವರ ಜನದ್ದು ಅದೊಂದೇ ಮನೆ, ಅಂಗಡಿಯ ಹಿಂದೆಯೇ ವಾಸ. ಪೇಟೆಯಲ್ಲಿ ಅವರ ಅಂಗಡಿಗಳಿಗೆ ಕಲ್ಲು ಬಿದ್ದಿವೆ. ಇದು ತಡೆಯುತ್ತದೆಯೇ ಮಾವ ಎಂದು ಕೇಳಿದ. ಆನೆ ಬಂದು ಗುದ್ದಿದರೆ ಆನೆಗೇ ತಲೆನೋವು ಎಂದೆ. ನಕ್ಕ. ಅವನ ಹೆಂಡತಿ ನಗಲಿಲ್ಲ.

ಇಡೀ ಬೀದಿಗೆ ನಾನು ಮಾವ. ನಿಜವಾಗಿ ಮಾವ ಎನ್ನಬೇಕಾದವಳು ಮನೆಯಲ್ಲಿರುವ ಅಕ್ಕನ ಮಗಳೊಬ್ಬಳೇ. ಅವಳಿಗೆ ನನ್ನ ಮಾತೆಂದರೆ ರೂಪಾಯಿಗೆ ನಾಲ್ಕಾಣೆ.

ಫೆಬ್ರವರಿ 11

ಚಹಾದಂಗಡಿ ಬೆಂಚು. ನನ್ನನ್ನು ಬಿಟ್ಟು, ಚಹಾದವನೂ ಸೇರಿ ಎಂಟು ಜನ. ಬಾಗಿಲಿನ ಮಾತು ಬಂತು. ಬಂತೇನು, ನಾನೇ ತಂದೆ. ಯಾರೂ ಮುರಿಯಲಾರರು, ಆದರೆ ನನ್ನಂಥವನಿಗೆ ಎರಡು ನಿಮಿಷ ಸಾಕು ಎಂದೆ. ಬೀದಿಗೆ ತೆರೆಯುವ ಬಾಗಿಲಿಗೆ ಹಿಂಜ್ ಹೊರಗಡೆ. ಕೆಳಗಿನಿಂದ ಮೊಳೆ ಇಟ್ಟು ತಟ್ಟಿದರೆ ಹಿಂಜಿನ ಎರಡು ಪಟ್ಟಿಗಳನ್ನು ಹಿಡಿದಿಟ್ಟ ಪಿನ್ನು ಮೇಲೆದ್ದು ಬರುತ್ತದೆ. ಪಿನ್ನು ಬಂದರೆ ಒಳಗೆ ಚಿಲಕ ಹಾಕಿದ್ದ ಹಾಗೇ ಬಾಗಿಲು ಕೈಗೆ! ಚಮಚ ಹಿಡಿದು ಮಾಡಿಯೂ ತೋರಿಸಿದೆ. ದರ್ಜಿ ಎರಡು ಸಲ ಹೇಳಿಸಿ ಕೇಳಿದ. ಖುಷಿಯಾಯಿತು.

ಪಿನ್ನಿನ ತುದಿ ಬಡಿದು ಅಗಲ ಮಾಡಿಬಿಟ್ಟರೆ ಮತ್ತೆ ಬರುವುದಿಲ್ಲ. ಆ ಕೆಲಸ ಬಾಕಿ. ನಾಳೆಯೋ ನಾಡಿದ್ದೋ ಮಾಡಬೇಕು.

ಫೆಬ್ರವರಿ 19

ಎಂಟು ದಿನ ಬರೆಯಲಿಲ್ಲ.

ಹದಿನಾಲ್ಕರ ಸಂಜೆ ಐದಕ್ಕೆ ಬಂದರು. ಬೇಕರಿಯವನು ಸತ್ತ. ಅಂಗಡಿ ಸುಟ್ಟಿತು. ಹೆಂಡತಿ ಹಿಂದಿನ ಗೋಡೆ ಹಾರಿ ಉಳಿದಳು.

ನಾನೆಲ್ಲಿದ್ದೆ? ಮಂಚದ ಕೆಳಗೆ. ಇಲ್ಲೂ ಸುಳ್ಳು ಬರೆದು ಯಾರನ್ನು ಮೆಚ್ಚಿಸಲಿ. ಅಕ್ಕನ ಮಗಳು ಮಂಚದ ಮೇಲೆ ಕಿವಿ ಮುಚ್ಚಿಕೊಂಡು ಕೂತಿದ್ದಳು. ನಾನು ಮುಚ್ಚಿಕೊಂಡಿರಲಿಲ್ಲ. ಬೀದಿಯಿಂದ... ಬೇಡ.

ಈಗ ಎಲ್ಲರದೂ ಒಂದೇ ಮಾತು — ಹೊರಗಿನವರು. ಲಾರಿಯಲ್ಲಿ ಬಂದರು, ಹಾರೆಯಿಂದ ಬಾಗಿಲು ಒಡೆದರು. ಮೊದಲ ದಿನ ಒಂದು ಲಾರಿ, ನಿನ್ನೆಗೆ ಮೂರು. ಈ ಬೀದಿಯಲ್ಲಿ ಕೈಗಾಡಿ ತಿರುಗಿಸಲು ಇಬ್ಬರು ಬೇಕು. ಯಾರೂ ಕೇಳುವುದಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟದ್ದೂ ಅಲ್ಲ. ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ, ಅಷ್ಟೆ.

ನಾನೇನು ಕಡಿಮೆಯೇ? ಉಳಿ ಹಿಡಿದು ಬೇಕರಿ ಮುಂದೆ ನಿಂತು ಇಬ್ಬರನ್ನು ಅಟ್ಟಿದೆ ಎಂದೆ. ಚಹಾದವನು ಕೇಳದೆಯೇ ಎರಡನೇ ಲೋಟ ಇಟ್ಟ.

ಫೆಬ್ರವರಿ 22

ವಿಚಾರಣೆಯ ಸಾಹೇಬರು ಬಂದಿದ್ದರು. ಎಲ್ಲರ ಸ್ಟೇಟ್‌ಮೆಂಟೂ ನಾಲ್ಕೇ ಸಾಲು. ನನ್ನದು ಒಂದೂವರೆ ಪುಟ. ಉಳಿ, ಇಬ್ಬರು, ಅಟ್ಟಿದ್ದು, ಎಲ್ಲ. ಸಹಿ ಹಾಕಿದೆ. ಬೀದಿಯ ಮಾನ ಉಳಿಸಿದೆ ಮಾವ ಎಂದು ದರ್ಜಿ ಬೆನ್ನು ತಟ್ಟಿದ.

ಜನ ಈಗ ಬೇಕರಿಯ ಪಕ್ಕ ನಡೆಯುವುದಿಲ್ಲ. ಎಲ್ಲರೂ ನಮ್ಮ ಮನೆಯ ಕಡೆ ಬದಿಯಲ್ಲೇ, ಕಿಟಕಿಗೆ ಭುಜ ತಾಗಿಸಿಕೊಂಡು.

ಮಾರ್ಚ್ 2

ಬೇಕರಿಯವನ ಹೆಂಡತಿ ತಂಗಿಯ ಮನೆಯಿಂದ ಬಂದಿದ್ದಳು. ಬಾಗಿಲು ಎತ್ತಿಡಲು ಕರೆದಳು. ಬೀದಿಯ ಬದಿಗೆ ಬಿದ್ದಿದ್ದರಿಂದ ಅದಕ್ಕೆ ಬೆಂಕಿ ತಾಗಿಲ್ಲ. ಮಗುಚಿದೆ. ಹಾರೆಯ ಗುರುತಿಲ್ಲ, ಒಂದು ಚಕ್ಕೆ ಎದ್ದಿಲ್ಲ. ಮೂರೂ ಚಿಲಕ ಹಾಕಿದ ಹಾಗೇ ಚಾಚಿಕೊಂಡಿವೆ. ಪಿನ್ನುಗಳು ಬೇಕರಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ... ಯಾರೋ ಎತ್ತಿಟ್ಟ ಹಾಗೆ. ಕಳೆಯಬಾರದು ಎಂಬಂತೆ.

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಒಡೆದಿಲ್ಲ ಅಲ್ವಾ ಮಾವ."

"ಇಲ್ಲಮ್ಮ."

"ಹೊರಗಿನವರಿಗೆ ಈ ಕೆಲಸ ಗೊತ್ತಿರುತ್ತಾ?"

ಗೊತ್ತಿರುವುದಿಲ್ಲ ಎಂದೆ. ಸಾಹೇಬರಿಗೆ ಹೇಳುತ್ತೀರಾ ಎಂದಳು. ನೀವು ಹೇಳಿದರೆ ಮಾತ್ರ ನಂಬುತ್ತಾರೆ, ಇಲ್ಲದಿದ್ದರೆ ಈ ಕೇಸು ಮುಚ್ಚುತ್ತದೆ ಎಂದಳು. ನೋಡೋಣ ಎಂದೆ. ನನ್ನ ಬಾಯಿಂದ ಬಂದ ಅತಿ ಚಿಕ್ಕ ಮಾತು ಅದೇ ಇರಬೇಕು.

ಮಾರ್ಚ್ 5

ಹೇಳಿದರೆ ಬೆಂಚಿನ ಎಂಟೂ ಜನ ಸಿಕ್ಕಿಬೀಳುತ್ತಾರೆ. ಯಾರು ಮೊಳೆ ಹಿಡಿದರೋ, ಯಾರು ನೋಡುತ್ತ ನಿಂತರೋ. ಒಬ್ಬೊಬ್ಬನೇ ಸಿಕ್ಕಾಗ ಎಲ್ಲರ ಕಣ್ಣನ್ನೂ ನೋಡಿದೆ. ಅದೇ ಹಳೆಯ ಕಣ್ಣುಗಳು. ದರ್ಜಿ ಅಕ್ಕನ ಮಗಳಿಗೆ ಮೊದಲ ಲಂಗ ಹೊಲಿದವನು.

ಅವಳಿಗೆ ಎಲ್ಲ ಹೇಳಿದೆ. ರೇಗಲಿಲ್ಲ. ಅದೇ ಕಷ್ಟ.

"ನಿಮ್ಮ ಬಾಯಿಂದಲೇ ಹೊರಗೆ ಹೋಯ್ತು ಮಾವ. ಈಗ ನಿಮ್ಮ ಬಾಯಿಂದಲೇ ಬರಬೇಕು."

ಮಾರ್ಚ್ 6, ಮಧ್ಯಾಹ್ನ

ಹೇಳಿಬಂದೆ. ಪಿನ್ನುಗಳನ್ನು ಮೇಜಿನ ಮೇಲಿಟ್ಟೆ, ಹೇಗೆ ತೆಗೆಯುತ್ತಾರೆ ತೋರಿಸಿದೆ, ಬೆಂಚಿನಲ್ಲಿ ಯಾರ್ಯಾರಿದ್ದರು ಬರೆಸಿದೆ. ಹಾಗಾದರೆ ಮೊದಲ ಸ್ಟೇಟ್‌ಮೆಂಟು ಎಂದು ಸಾಹೇಬರು ಕೇಳಿದರು.

"ಅದು ಜಂಬ ಸ್ವಾಮಿ."

ಅದನ್ನು ಮಾತ್ರ ಅವರು ಬರೆದುಕೊಳ್ಳಲಿಲ್ಲ.

ಮನೆಗೆ ಬರುವಾಗ ಹಗುರಾಗಿದ್ದೆ. ಈ ಬೀದಿಯಲ್ಲಿ ಬೇರೆ ಯಾರಿಗಿದೆ ಈ ಎದೆ?

ಮಾರ್ಚ್ 9

ಎಂಟೂ ಜನ ಒಟ್ಟಿಗೆ ಸಾಹೇಬರ ಹತ್ತಿರ ಹೋಗಿ ಬಂದರಂತೆ. ಈಗ ಹೊಸ ಮಾತು. ಹೊರಗಿನವರು ಬಂದದ್ದು ನಿಜ, ಪಿನ್ನು ತೆಗೆದುಕೊಟ್ಟವನು ಮಾವ. ಬೆಂಚಿನಲ್ಲಿ ಪಿನ್ನಿನ ಮಾತೇ ಬಂದಿರಲಿಲ್ಲವಂತೆ. ಆ ವಿದ್ಯೆ ಇನ್ನು ಯಾರಿಗೆ ಗೊತ್ತು? ಆ ಹೊತ್ತಿಗೆ ಬೇಕರಿ ಮುಂದೆ ಉಳಿ ಹಿಡಿದು ನಿಂತಿದ್ದೆ ಎಂದು ಸಹಿ ಹಾಕಿದವನು ಯಾರು? ಒಂದೂವರೆ ಪುಟ ಇದೆಯಲ್ಲ.

ಕೇಳುವಾಗ ಒಂದು ಕ್ಷಣ ನನಗೇ ನಿಜವೆನಿಸಿತು. ಅಷ್ಟು ಚೆನ್ನಾಗಿ ಕೂತಿದೆ ಜೋಡಣೆ.

ಚಹಾದವನು ಹಾಲು ಮುಗಿದಿದೆ ಎಂದ, ಹಾಲು ಕುದಿಸುತ್ತಲೇ. ಜನ ಈಗ ಬೇಕರಿಯ ಬದಿಯಲ್ಲಿ ನಡೆಯುತ್ತಾರೆ. ಬೂದಿ ತುಳಿದುಕೊಂಡು, ನಿರಾಳವಾಗಿ. ನನ್ನ ಕಿಟಕಿಯ ಕಡೆ ಯಾರೂ ಇಲ್ಲ.

ಮಾವ ಮಂಚದ ಕೆಳಗಿದ್ದರು ಎಂದು ಅಕ್ಕನ ಮಗಳು ಸಾಹೇಬರಿಗೆ ಹೇಳಿ ಬಂದಳು. ಮನೆಯವರ ಮಾತು ಎಂದು ಪಕ್ಕಕ್ಕಿಟ್ಟರಂತೆ. ನಾಡಿದ್ದು ನನ್ನನ್ನು ಕರೆದೊಯ್ಯಲು ಜೀಪು ಬರುತ್ತದೆ.

ಮಾರ್ಚ್ 11, ಬೆಳಿಗ್ಗೆ 10

ಜೀಪು ಇನ್ನೂ ಬಂದಿಲ್ಲ. ಬೇಕರಿಯವನ ಹೆಂಡತಿ ಬಂದು ಹೋದಳು. ಒಳಗೆ ಬಾ ಎಂದರೂ ಬರಲಿಲ್ಲ. ಬೀದಿಯ ಮಾತು ಅವಳ ಕಿವಿಗೂ ಬಿದ್ದಿದೆ. ಹೊಸಿಲಾಚೆಯೇ ನಿಂತು, ನೀವೇನಾ ಎಂದು ಕೇಳಿದಳು. ಅಲ್ಲಮ್ಮ, ಇಲ್ಲೇ ಇದ್ದೆ, ಮಂಚದ ಕೆಳಗೆ ಎಂದೆ. ಮೊದಲ ಸಲ ಮನೆಯಾಚೆಯವರ ಮುಂದೆ ಆ ಮಾತು ಆಡಿದ್ದು. ನಂಬಿದಳು. ಮುಖ ನೋಡಿದರೇ ತಿಳಿಯಿತು.

ನಂಬಿದ ಮೇಲೆ ಕೇಳಿದಳು.

"ಹಾಗಾದ್ರೆ ನಿಮಗೆ ಕೇಳಿಸಿರಬೇಕಲ್ಲ ಮಾವ. ನಮ್ಮನೆಯವರು ನಾಲ್ಕು ಸಲ ನಿಮ್ಮನ್ನೇ ಕರೆದ್ರು."

ಅವಳು ಹೋದಳು.

ನಾಲ್ಕಲ್ಲ, ಐದು. ನಾಲ್ಕು ಅವಳು ಹಿಂದಿನ ಗೋಡೆ ಹಾರುವವರೆಗಿನದು. ಐದನೆಯದು ನನಗೊಬ್ಬನಿಗೇ ಕೇಳಿಸಿದ್ದು. ಅದರಲ್ಲಿ ಅವನು... ಜೀಪು ಬಂತು.